ಅಂಗಳದ ಪಾಠಶಾಲೆ



ಬೇಸಿಗೆ ಮುಗಿದು ಶಾಲೆಗಳು ತೆರೆಯುವ ಹೊತ್ತಿಗೆ ಮಠಕ್ಕೆ ಬರುವ ಗೃಹಸ್ಥರ ಬಾಯಲ್ಲಿ ಒಂದೇ ಪ್ರಶ್ನೆ. ಮಗುವಿಗೆ ಮೂರು ತುಂಬಿತು, ಎಲ್ಲಿಗೆ ಹಾಕೋಣ? ತಾಲ್ಲೂಕು ಊರಿನಲ್ಲಿ ಇಂಗ್ಲಿಷ್ ಶಾಲೆ ಇದೆ, ವ್ಯಾನು ಊರ ಬಾಗಿಲಿಗೇ ಬರುತ್ತದೆ, ಫೀಜಿಗೆ ಸಾಲ ಮಾಡಿದರೂ ಚಿಂತೆಯಿಲ್ಲ ಎನ್ನುತ್ತಾರೆ. ಹೀಗೆ ಕೇಳುವವರು ಮಗುವಿನ ತಂದೆತಾಯಿ. ಜೊತೆಗೆ ಬಂದ ಅಜ್ಜ ಅಜ್ಜಿಯರು ಮಾತ್ರ ಬಾಯಿ ತೆರೆಯುವುದಿಲ್ಲ. ನಿಮ್ಮ ಅಭಿಪ್ರಾಯವೇನು ಎಂದು ನಾವೇ ವಿಚಾರಿಸಿದರೆ, "ನಮಗೇನು ತಿಳಿದೀತು ಬುದ್ಧಿ, ನಾವು ಹೆಬ್ಬೆಟ್ಟಿನವರು" ಎಂದು ಕೈಮುಗಿದು ಸುಮ್ಮನಾಗುತ್ತಾರೆ. ಇಂದಿನ ನಮ್ಮ ಮಾತು ಮುಖ್ಯವಾಗಿ ಆ ಹಿರಿಯರಿಗೆ.

ನಾವು ಹೇಳಬಯಸುವುದು ಇಷ್ಟೆ. ಮೂರರಿಂದ ಆರು ವರ್ಷದವರೆಗಿನ ಮಗುವಿಗೆ ಬೇಕಾದ ವಿದ್ಯೆ ಪುಸ್ತಕದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಹಿರಿಯರ ಬಾಯಲ್ಲಿದೆ. ಆ ವಯಸ್ಸು ಕಿವಿಯದು, ನಾಲಿಗೆಯದು, ನೆನಪಿನದು. ಬರೆಯುವ ಬೆರಳಿನ ಸರದಿ ಆಮೇಲೆ ಬರುತ್ತದೆ. ನಮ್ಮ ಪೂರ್ವಿಕರು ಈ ಕ್ರಮವನ್ನು ಬಲ್ಲವರಾಗಿದ್ದರು. ಆದರೆ ಅವರ ಪದ್ಧತಿಯಲ್ಲಿ ದೊಡ್ಡ ಕೊರತೆಗಳೂ ಇದ್ದವು. ಅವುಗಳನ್ನು ಮುಚ್ಚಿಟ್ಟು ಹಳೆಯದನ್ನು ಹೊಗಳುವುದು ಸತ್ಯಕ್ಕೆ ಮಾಡುವ ಅಪಚಾರ. ಹಾಗೆಯೇ ಕೊರತೆಯನ್ನೇ ನೆಪವಾಗಿಟ್ಟುಕೊಂಡು ಒಳ್ಳೆಯದನ್ನೂ ತಿಪ್ಪೆಗೆಸೆಯುವುದು ವಿವೇಕವಲ್ಲ. ಎರಡನ್ನೂ ಕ್ರಮವಾಗಿ ವಿಚಾರಿಸೋಣ.

1822ರಲ್ಲಿ ಮದ್ರಾಸ್ ಪ್ರಾಂತ್ಯದ ಗವರ್ನರ್ ಆಗಿದ್ದ ಥಾಮಸ್ ಮನ್ರೋ ಅವರು ತಮ್ಮ ಪ್ರಾಂತ್ಯದಲ್ಲಿ ಊರ ಶಾಲೆಗಳ ಸ್ಥಿತಿ ಹೇಗಿದೆಯೆಂದು ಜಿಲ್ಲಾಧಿಕಾರಿಗಳಿಂದ ವರದಿ ಕೇಳಿದರು. ಬಳ್ಳಾರಿ ಜಿಲ್ಲೆ ಆಗ ಆ ಪ್ರಾಂತ್ಯಕ್ಕೆ ಸೇರಿತ್ತು. ಇಂದು ಆಂಧ್ರಕ್ಕೆ ಸೇರಿರುವ ಕೆಲವು ಸೀಮೆಗಳೂ ಅದರೊಳಗಿದ್ದವು. ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ವರದಿ ನಮ್ಮ ನಾಡಿನ ಹಳೆಯ ಶಿಕ್ಷಣಕ್ಕೆ ಹಿಡಿದ ಒಂದು ಕನ್ನಡಿ. ಜಿಲ್ಲೆಯಲ್ಲಿದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಸಂಸ್ಕೃತ, ಫಾರ್ಸಿ ಮತ್ತು ತಮಿಳಿನವು. ಇಂಗ್ಲಿಷ್ ಶಾಲೆ ಇದ್ದುದು ಬಳ್ಳಾರಿ ಪಟ್ಟಣದಲ್ಲಿ ಒಂದೇ. ಈ ಎಲ್ಲ ಶಾಲೆಗಳಲ್ಲಿ ಕಲಿಯುತ್ತಿದ್ದ ಮಕ್ಕಳು ಒಟ್ಟು 6,641.

ಹುಡುಗ ಐದು ವರ್ಷದವನಾದಾಗ ಶಾಲೆಗೆ ಸೇರಿಸುತ್ತಿದ್ದರೆಂದು ಆ ವರದಿ ಹೇಳುತ್ತದೆ. ಅಂದು ಗುರುವನ್ನೂ ಶಾಲೆಯ ಮಕ್ಕಳನ್ನೂ ಮನೆಗೇ ಕರೆಸುತ್ತಿದ್ದರು. ಗಣೇಶನ ಮೂರ್ತಿಯ ಸುತ್ತ ಎಲ್ಲರೂ ಕೂರುತ್ತಿದ್ದರು. ಗುರು ಪಕ್ಕದಲ್ಲಿ ಕುಳಿತು, ಬುದ್ಧಿಯನ್ನು ಬೇಡುವ ಪ್ರಾರ್ಥನೆಯನ್ನು ಮಗುವಿನ ಬಾಯಲ್ಲಿ ಹೇಳಿಸಿ, ಅದರ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ನಾಮವನ್ನು ಬರೆಸುತ್ತಿದ್ದರು. ಮುಂದೆ ಶಾಲೆಯಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಕಲಿತ ದೊಡ್ಡ ಹುಡುಗರು ಕಲಿಯದ ಚಿಕ್ಕವರಿಗೆ ಹೇಳಿಕೊಡುವುದು ನಡೆಯುತ್ತಿತ್ತು. ಇಷ್ಟು ಕಡಿಮೆ ಖರ್ಚಿನಲ್ಲಿ ಕಲಿಸುವ ಈ ಕ್ರಮವನ್ನು ಕ್ಯಾಂಪ್‌ಬೆಲ್ ಮೆಚ್ಚಿದರು. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೇ ಎಂದು ಬರೆದರು.

ಭಕ್ತರು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಐದು ವರ್ಷ ತುಂಬುವ ತನಕ ಮಗುವಿನ ಕೈಗೆ ಯಾರೂ ಅಕ್ಷರವನ್ನು ಹೇರಲಿಲ್ಲ. ಎರಡನೆಯದು, ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಹಾಗಾದರೆ ಐದು ವರ್ಷದವರೆಗೆ ಆ ಹುಡುಗರಿಗೆ ನುಡಿ ಕಲಿಸಿದವರು ಯಾರು? ಹಾಡು, ಕಥೆ, ಎಣಿಕೆ, ನಡತೆ ಕೊಟ್ಟವರು ಯಾರು? ಶಾಲೆಯ ಹೊಸ್ತಿಲನ್ನೇ ತುಳಿಯದ ತಾಯಂದಿರು, ಅಜ್ಜಿಯಂದಿರು. ಶಾಲೆಗಳ ಆ ಎಣಿಕೆಯಲ್ಲಿ ಅಂಗಳದ ಪಾಠಶಾಲೆ ಲೆಕ್ಕಕ್ಕೆ ಬರಲಿಲ್ಲ. ಆದರೆ ಆ 533 ಶಾಲೆಗಳೂ ನಿಂತಿದ್ದುದು ಅದರ ತಳಹದಿಯ ಮೇಲೆ. ಹೆಬ್ಬೆಟ್ಟಿನವರು ಕಲಿಸಲಾರರು ಎನ್ನುವ ಹಿರಿಯರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನು ಕೊರತೆಯ ಮಾತು. ಆ ಶಾಲೆಗಳಲ್ಲಿ ಮಕ್ಕಳು ಪದ್ಯಗಳನ್ನು ರಾಶಿ ರಾಶಿಯಾಗಿ ಕಂಠಪಾಠ ಮಾಡುತ್ತಿದ್ದರು. ರಾಮಾಯಣ, ಭಾರತ, ಭಾಗವತಗಳು ಎಲ್ಲರಿಗೂ ಇದ್ದವು. ಲಿಂಗಾಯತರ ಮಕ್ಕಳು ಬಸವಪುರಾಣ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣಗಳನ್ನು ಓದುತ್ತಿದ್ದರೆಂದೂ ವರದಿಯಲ್ಲಿದೆ. ಆದರೆ ಕಾವ್ಯದ ಭಾಷೆ ಬೇರೆ, ಮನೆಯ ಮಾತು ಬೇರೆ. ಅರ್ಥ ಹೇಳುವವರಿಲ್ಲ. ಹುಡುಗನು ನೂರು ಪದ್ಯ ಒಪ್ಪಿಸಿದರೂ ಅವನಿಗೆ ತಿಳಿದದ್ದು ಮಾತು ಕಲಿತ ಗಿಳಿಗೆ ತಿಳಿದಷ್ಟೇ ಎಂದು ಕ್ಯಾಂಪ್‌ಬೆಲ್ ಕಟುವಾಗಿ ಬರೆದರು. ಪರದೇಶದವನು ಹೇಳಿದ ಮಾತೆಂದು ನಾವು ಸಿಟ್ಟಾಗಬೇಕಿಲ್ಲ. ಗಿಳಿಪಾಠ ಎಂಬ ಪದ ನಮ್ಮ ಕನ್ನಡದಲ್ಲೇ ಇದೆ. ತಿಳಿಯದೆ ಒಪ್ಪಿಸುವುದನ್ನು ನಮ್ಮ ಜನರೂ ಹಾಸ್ಯ ಮಾಡಿದ್ದಾರೆ.

ಇದಕ್ಕೆ ಎದುರಾದ ಇನ್ನೊಂದು ಮಾತನ್ನೂ ಕೇಳಿ. 1947ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಸೇಯರ್ಸ್ ಎಂಬ ಲೇಖಕಿ ಶಿಕ್ಷಣದ ಬಗ್ಗೆ ಒಂದು ಉಪನ್ಯಾಸ ಮಾಡಿದರು. ನಮ್ಮ ಮಕ್ಕಳು ವಿಷಯಗಳನ್ನು ಕಲಿಯುತ್ತಿದ್ದಾರೆ, ಕಲಿಯುವುದು ಹೇಗೆಂಬುದನ್ನು ಮಾತ್ರ ಕಲಿಯುತ್ತಿಲ್ಲ ಎಂಬುದು ಅವರ ವ್ಯಥೆ. ಯುರೋಪಿನ ಪ್ರಾಚೀನ ಶಿಕ್ಷಣದಲ್ಲಿ ಮೂರು ಮೆಟ್ಟಿಲುಗಳಿದ್ದವು: ವ್ಯಾಕರಣ, ತರ್ಕ ಮತ್ತು ವಾಗ್ಮಿತೆ. ಈ ಮೂರನ್ನೂ ಅವರು ಮಗುವಿನ ಬೆಳವಣಿಗೆಗೆ ಹೊಂದಿಸಿದರು. ಮೊದಲು ಗಿಳಿಯ ಘಟ್ಟ. ಈ ಘಟ್ಟದಲ್ಲಿ ಮಗುವಿಗೆ ಬಾಯಿಪಾಠ ಮಾಡುವುದೇ ಆನಂದ. ನಂತರ ಎದುರು ಪ್ರಶ್ನೆ ಹಾಕುವ ಘಟ್ಟ. ಕೊನೆಗೆ ತನ್ನ ಮನಸ್ಸನ್ನು ತಾನೇ ಚೆನ್ನಾಗಿ ಹೇಳಬಯಸುವ ಕವಿಯ ಘಟ್ಟ. ನೋಡಿ, ಒಬ್ಬ ಆಂಗ್ಲ ಅಧಿಕಾರಿ ಹಳಿದ ಗಿಳಿಯನ್ನೇ ನೂರಿಪ್ಪತ್ತನಾಲ್ಕು ವರ್ಷಗಳ ಮೇಲೆ ಒಬ್ಬ ಆಂಗ್ಲ ವಿದುಷಿ ವಿದ್ಯೆಯ ಮೊದಲ ಮೆಟ್ಟಿಲೆಂದು ಕರೆದರು.

ಅಮೆರಿಕದಲ್ಲಿ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಅನೇಕ ತಂದೆತಾಯಿಗಳು ಇಂದು ಈ ಮೂರು ಮೆಟ್ಟಿಲುಗಳನ್ನು ಅನುಸರಿಸುತ್ತಾರೆ. 1999ರಲ್ಲಿ ಜೆಸ್ಸಿ ವೈಸ್ ಎಂಬ ತಾಯಿ ಮತ್ತು ಸೂಸನ್ ವೈಸ್ ಬಾವರ್ ಎಂಬ ಮಗಳು ಸೇರಿ ಬರೆದ ಒಂದು ದೊಡ್ಡ ಗ್ರಂಥ ಅಂಥವರಿಗೆ ಕೈಪಿಡಿಯಾಗಿದೆ. ಶಾಲೆಗೆ ಹೋಗುವ ಮುಂಚಿನ ವರ್ಷಗಳಲ್ಲಿ ಮಗುವಿನೊಡನೆ ಧಾರಾಳವಾಗಿ ಮಾತಾಡಿ, ಗಟ್ಟಿಯಾಗಿ ಓದಿ ಹೇಳಿ ಎಂಬುದು ಅಲ್ಲಿಯ ಉಪದೇಶ. ಹಡಗಿನಲ್ಲಿ ಬಂದ ಮಾತು ಎಂಬ ಕಾರಣಕ್ಕೆ ನಾವು ಇದನ್ನು ಮೆಚ್ಚುತ್ತಿಲ್ಲ. ಶ್ರವಣ, ಮನನ, ನಿದಿಧ್ಯಾಸನ ಎಂಬ ಕ್ರಮವನ್ನು ಉಪನಿಷತ್ತಿನ ಕಾಲದಿಂದ ಬಲ್ಲ ನಾಡು ನಮ್ಮದು. ಅವರ ಮೂರು ಮೆಟ್ಟಿಲು, ನಮ್ಮ ಮೂರು ಮೆಟ್ಟಿಲು ಒಂದೇ ಎಂದು ಹೇಳಿದರೆ ಅತಿಶಯವಾದೀತು. ಅಲ್ಲಿಯದು ಲೋಕವಿದ್ಯೆ, ಇಲ್ಲಿಯದು ಆತ್ಮವಿದ್ಯೆ. ಆದರೂ ಮೊದಲು ಕಿವಿ, ಆಮೇಲೆ ವಿಚಾರ, ಕೊನೆಗೆ ತನ್ನದಾಗಿಸಿಕೊಳ್ಳುವುದು ಎಂಬ ನಡೆ ಎರಡರಲ್ಲೂ ಇದೆ. ದೂರ ದೂರದ ಎರಡು ನಾಡುಗಳ ಹಿರಿಯರು ಒಂದೇ ದಾರಿಯನ್ನು ಕಂಡಿದ್ದರೆ ಆ ದಾರಿಯಲ್ಲಿ ಏನೋ ಹುರುಳಿದೆ ಎಂದೇ ಅರ್ಥ.

ಹಾಗಾದರೆ ಗಿಳಿಪಾಠ ಒಳಿತೋ ಕೆಡುಕೋ? ನಮ್ಮ ಅಭಿಪ್ರಾಯದಲ್ಲಿ ಇಬ್ಬರ ಮಾತೂ ಸತ್ಯ. ಮಗು ತಿಳಿಯದೆಯೇ ನುಡಿಯನ್ನು ನೆನಪಿನಲ್ಲಿ ತುಂಬಿಕೊಳ್ಳುವುದು ದೋಷವಲ್ಲ, ಅದು ಪ್ರಕೃತಿ ಕೊಟ್ಟ ವರ. ಬಿತ್ತನೆಗೆ ಮುಂಚೆ ಕಣಜದಲ್ಲಿ ಬೀಜ ಇರಬೇಕಲ್ಲವೇ? ಆದರೆ ಕಣಜದಲ್ಲಿ ತುಂಬಿದ ಬೀಜವನ್ನು ಹೊಲಕ್ಕೆ ಒಯ್ಯದಿದ್ದರೆ ಅದು ಹುಳು ಹಿಡಿದು ಹೋಗುತ್ತದೆ. ಮಗು ಒಂದು ದಿನ ತಲೆಯೆತ್ತಿ, "ಹಾಗಂದರೆ ಏನಜ್ಜಿ?" ಎಂದು ಕೇಳುತ್ತದೆ. ಆ ಘಳಿಗೆಯಲ್ಲಿ ಉತ್ತರ ಹೇಳುವ ಒಬ್ಬರು ಪಕ್ಕದಲ್ಲಿರಬೇಕು. ಊರ ಶಾಲೆಯ ಒಬ್ಬ ಗುರುವಿಗೆ ಎಲ್ಲ ಮಕ್ಕಳ ಪ್ರಶ್ನೆಗೂ ಉತ್ತರ ಕೊಡಲು ಆಗುತ್ತಿರಲಿಲ್ಲ. ಇಂದು ಮೂವತ್ತು ನಲವತ್ತು ಮಕ್ಕಳನ್ನು ಕೂರಿಸಿಕೊಂಡ ಶಿಶುವಿಹಾರದ ಶಿಕ್ಷಕಿಗೂ ಆಗುವುದಿಲ್ಲ. ಮೊಬೈಲಿನಲ್ಲಿ ಹಾಡು ಬರುತ್ತದೆ, ಮಗುವಿನ ಕಣ್ಣಲ್ಲಿ ಮೂಡಿದ ಸಂಶಯ ಅದಕ್ಕೆ ಕಾಣುವುದಿಲ್ಲ. ಆ ಸಂಶಯ ಕಾಣುವುದು ಮನೆಯವರಿಗೆ. ಬಾಯಿಪಾಠ ಗಿಳಿಪಾಠವಾಗದಂತೆ ಕಾಯುವ ಶಕ್ತಿ ಇರುವುದು ಮನೆಯಲ್ಲಿ.

ಇಲ್ಲಿ ಕನ್ನಡದವರಿಗೆ ಒಂದು ವಿಶೇಷ ಭಾಗ್ಯವೂ ಇದೆ. ಯುರೋಪಿನ ಮಗು ಪ್ರಾಚೀನ ವಿದ್ಯೆಗಾಗಿ ಮನೆಯಲ್ಲಿ ಯಾರೂ ಆಡದ ಲ್ಯಾಟಿನ್ ಕಲಿಯಬೇಕು. ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲೇ ಅಡುಗೆಮನೆಯ, ಹೊಲದ, ಮಗ್ಗದ ಮಾತಿನಲ್ಲಿ ಶಾಸ್ತ್ರವನ್ನು ಹೇಳಿದರು. ಅಂಬಿಗನೂ ವಚನಕಾರನಾದ, ಬಿದ್ದ ಅಕ್ಕಿಯನ್ನು ಆಯುವ ಲಕ್ಕಮ್ಮನೂ ವಚನಕಾರ್ತಿಯಾದಳು. ಚಿಕ್ಕದೊಂದು ವಚನದಲ್ಲಿ ಬರುವ ದೀಪ, ಹಾಲು, ಮರ, ಹೂವು ಇವನ್ನೆಲ್ಲ ನಾಲ್ಕು ವರ್ಷದ ಮಗು ಕಣ್ಣಾರೆ ಕಂಡಿರುತ್ತದೆ. ಅದರ ಒಳ ಅರ್ಥ ನಲವತ್ತು ವರ್ಷಕ್ಕೆ ತೆರೆದೀತು, ಹೊರ ಅರ್ಥ ಇಂದೇ ತಿಳಿಯುತ್ತದೆ. ಸರ್ವಜ್ಞನ ತ್ರಿಪದಿಗೆ ಮೂರೇ ಸಾಲು. ಗಾದೆಗೆ ಒಂದೇ ಸಾಲು. ಮಗುವಿನ ಬಾಯಿಗೆ ಹಿಡಿಸುವಷ್ಟೇ ತುತ್ತು. ನಮ್ಮ ಹಿರಿಯರು ಅಳತೆ ನೋಡಿಯೇ ತುತ್ತು ಮಾಡಿಟ್ಟಂತಿದೆ.

ಹಾಗಾದರೆ ಮನೆಯಲ್ಲಿ ಏನನ್ನು, ಹೇಗೆ ಕಲಿಸಬೇಕು? ಹಲವರು ಕೇಳುವುದರಿಂದ ವಿವರವಾಗಿ ಹೇಳುತ್ತೇವೆ.

ಮೂರನೆಯ ವರ್ಷದಲ್ಲಿ ಕೇಳಿಸಿರಿ. ಕಥೆ ಹೇಳಿರಿ, ಪದ ಹಾಡಿರಿ. ಮಗು ನಿನ್ನೆಯ ಕಥೆಯನ್ನೇ ಇಂದೂ ಹೇಳೆಂದು ಹಟ ಮಾಡಿದರೆ ಬೇಸರಪಡಬೇಡಿರಿ. ಅದೇ ಕಥೆಯನ್ನು ಅದೇ ಮಾತುಗಳಲ್ಲಿ ಹೇಳಿರಿ. ನಡುವೆ ಒಂದು ಮಾತು ತಪ್ಪಿದರೆ ಮಗುವೇ ತಿದ್ದುತ್ತದೆ. ಆ ದಿನ ಮಗುವಿನ ಮೊದಲ ಪರೀಕ್ಷೆ ತೇರ್ಗಡೆಯಾಯಿತೆಂದು ತಿಳಿಯಿರಿ. ಮನೆಯ ವಸ್ತುಗಳಿಗೆ, ಮರಗಿಡಗಳಿಗೆ, ಕಾಳುಗಳಿಗೆ ಸರಿಯಾದ ಹೆಸರು ಹೇಳಿಕೊಡಿರಿ. ಎಲ್ಲ ಹಕ್ಕಿಯನ್ನೂ ಬರೀ ಹಕ್ಕಿ ಎನ್ನದೆ ಗೊರವಂಕ, ಕೆಂಬೂತ, ಮರಕುಟಿಗ ಎಂದು ತೋರಿಸಿರಿ. ಹೆಸರು ಬಲ್ಲವನ ಕಣ್ಣು ಹರಿತವಾಗುತ್ತದೆ. ಇದೇ ವ್ಯಾಕರಣದ ಮೊದಲ ಪಾಠ.

ನಾಲ್ಕನೆಯ ವರ್ಷದಲ್ಲಿ ಹೇಳಿಸಿರಿ. ವಾರಗಳ ಹೆಸರು ಏಳು, ಚೈತ್ರದಿಂದ ಫಾಲ್ಗುಣದ ತನಕ ಮಾಸಗಳು ಹನ್ನೆರಡು, ಋತುಗಳು ಆರು. ಅಶ್ವಿನಿಯಿಂದ ರೇವತಿಯವರೆಗೆ ನಕ್ಷತ್ರಗಳು ಇಪ್ಪತ್ತೇಳು. ರೈತರ ಮಕ್ಕಳು ಮಳೆಯ ಹೆಸರನ್ನು ಬಲ್ಲವರಾಗಬೇಡವೇ? ರೋಹಿಣಿ, ಮೃಗಶಿರ, ಆರಿದ್ರ ಎಂದು ಹೇಳಿಕೊಡುವಾಗ ಯಾವ ಮಳೆಗೆ ಏನು ಬಿತ್ತುತ್ತೇವೆ ಎಂಬುದನ್ನೂ ಹೇಳಿರಿ. ಮಗು ಹೆಸರನ್ನು ಬಾಯಿಪಾಠ ಮಾಡಿದ ಮರುವಾರವೇ ಆ ಮಳೆ ಬಂದು ಹಂಚಿನ ಮೇಲೆ ಸದ್ದು ಮಾಡಿದರೆ, ಪಾಠಕ್ಕೆ ಅರ್ಥ ತಾನಾಗಿಯೇ ಕೂಡಿಬಂದಂತೆ. ಒಗಟು ಹೇಳಿರಿ. ಒಗಟು ಎಂದರೆ ಮಕ್ಕಳ ತರ್ಕಶಾಸ್ತ್ರ. ಉತ್ತರವನ್ನು ತಕ್ಷಣ ಬಿಟ್ಟುಕೊಡಬೇಡಿರಿ, ಒಂದು ರಾತ್ರಿ ಯೋಚಿಸಲು ಬಿಡಿರಿ.

ಕನ್ನಡ ವರ್ಣಮಾಲೆಯನ್ನೂ ಈ ವಯಸ್ಸಿನಲ್ಲಿ ಬಾಯಿಯಿಂದಲೇ ಕಲಿಸಬಹುದು. ಸ್ವರಗಳು 13, ಅನುಸ್ವಾರ ವಿಸರ್ಗಗಳೆಂಬ ಯೋಗವಾಹಗಳು 2, ವ್ಯಂಜನಗಳು 34, ಒಟ್ಟು 49. ಈ ಅಕ್ಷರಗಳನ್ನು ಯಾರೋ ಮನಬಂದಂತೆ ಸಾಲಿಗಿಟ್ಟಿಲ್ಲ. ಕ ವರ್ಗ ಗಂಟಲಲ್ಲಿ ಹುಟ್ಟುತ್ತದೆ, ಚ ವರ್ಗ ಅಂಗುಳಲ್ಲಿ, ಟ ವರ್ಗ ನಾಲಿಗೆ ಮೇಲಕ್ಕೆ ಮಡಿಸಿದಾಗ, ತ ವರ್ಗ ಹಲ್ಲಿನ ಹಿಂದೆ, ಪ ವರ್ಗ ತುಟಿಯಲ್ಲಿ. ಗಂಟಲಿನಿಂದ ಹೊರಟು ಐದು ಹೆಜ್ಜೆಗೆ ತುಟಿಯ ಬಾಗಿಲಿಗೆ ಬರುವ ಯಾತ್ರೆ ಇದು. ಮಗುವಿನ ಕೈಯನ್ನು ಅದರ ಗಂಟಲ ಮೇಲಿಟ್ಟು ಕ ಎನ್ನಿಸಿರಿ, ತುಟಿಯ ಮೇಲಿಟ್ಟು ಪ ಎನ್ನಿಸಿರಿ. ಮಗು ಕೈತಟ್ಟಿ ನಗುತ್ತದೆ. ಹೀಗೆ ಬಾಯಲ್ಲಿ ಕಂಡ ಅಕ್ಷರ ಮುಂದೆ ಹಲಗೆಯ ಮೇಲೆ ಕಂಡಾಗ ಹಳೆಯ ಪರಿಚಯದಂತೆ ತೋರುತ್ತದೆ. ಇದಕ್ಕೆ ಓದುಬಲ್ಲವರು ಬೇಕಿಲ್ಲ. ವರ್ಣಮಾಲೆ ಬಾಯಿಗೆ ಬಂದರೆ ಸಾಕು.

ಲೆಕ್ಕವನ್ನು ಕೈಗೆ ಸಿಗುವ ವಸ್ತುವಿನಿಂದ ಕಲಿಸಿರಿ. ಅಳಗುಳಿ ಮಣೆ ಅಟ್ಟದ ಮೇಲಿದ್ದರೆ ಕೆಳಗಿಳಿಸಿರಿ. ಒಂದು ಸಾಲಿಗೆ ಏಳು ಕುಳಿ, ಎರಡು ಸಾಲಿಗೆ ಹದಿನಾಲ್ಕು. ಕುಳಿಗೆ ಐದರಂತೆ ಹುಣಸೆ ಬೀಜ ಹಾಕಿದರೆ ಎಪ್ಪತ್ತು. ಒಂದೊಂದೇ ಬೀಜ ಬಿಡುತ್ತ ಹೋಗುವಾಗ ಎಣಿಕೆಯೂ ಬಂತು, ಕೂಡುವುದೂ ಬಂತು, ಮುಂದಾಲೋಚನೆಯೂ ಬಂತು. ಪಾವಿನಿಂದ ಸೇರು ತುಂಬಿಸಿರಿ. ನಾಲ್ಕು ಪಾವು ಸುರಿದರೆ ಒಂದು ಸೇರು ಎಂಬುದನ್ನು ಮಗು ತನ್ನ ಕೈಯಿಂದ ತುಂಬಿ ಕಂಡುಕೊಂಡರೆ ಕಾಲು, ಅರೆ, ಮುಕ್ಕಾಲು ಎಂಬ ಮಾತುಗಳಿಗೆ ತೂಕ ಬರುತ್ತದೆ. ಶಾಲೆಯಲ್ಲಿ ಮಗ್ಗಿ ಬಂದಾಗ ಅದು ಬರೀ ಸದ್ದಾಗಿ ಉಳಿಯುವುದಿಲ್ಲ.

ಐದನೆಯ ವರ್ಷದಲ್ಲಿ ಬರೆಸಿರಿ. ಆಗಲೂ ಮೊದಲು ಪೆನ್ಸಿಲ್ ಬೇಡ. ತಟ್ಟೆಯಲ್ಲಿ ರಾಗಿಯನ್ನೋ ಮರಳನ್ನೋ ಹರಡಿ ಬೆರಳಿನಿಂದ ದೊಡ್ಡದಾಗಿ ತಿದ್ದಿಸಿರಿ. ತಪ್ಪಾದರೆ ಒಮ್ಮೆ ಕೈಯಾಡಿಸಿದರೆ ಸಾಕು, ತಪ್ಪಿನ ಗುರುತೂ ಉಳಿಯುವುದಿಲ್ಲ, ಮಗುವಿಗೆ ಅಳುಕೂ ಉಳಿಯುವುದಿಲ್ಲ. ಬೆರಳು ಬಲಿತ ಮೇಲೆ ಬಳಪ, ಆಮೇಲೆ ಪೆನ್ಸಿಲ್.

ಇವೆಲ್ಲಕ್ಕೂ ದಿನಕ್ಕೆ ಅರ್ಧ ಗಂಟೆ ಸಾಕು, ಅದನ್ನೂ ಎರಡು ಮೂರು ಸಲವಾಗಿ ಒಡೆದುಕೊಳ್ಳಬಹುದು. ಬೆಳಗ್ಗೆ ಅಂಗಳ ಗುಡಿಸುವಾಗ ಸ್ವಲ್ಪ, ಸಂಜೆ ದೀಪ ಹಚ್ಚಿದ ಮೇಲೆ ಸ್ವಲ್ಪ, ಮಲಗುವ ಮುನ್ನ ಸ್ವಲ್ಪ. ತಾಯಿ ಹೊಲದ ಕೆಲಸಕ್ಕೋ ಗಾರ್ಮೆಂಟ್ಸ್ ಕೆಲಸಕ್ಕೋ ಹೋಗಿ ದಣಿದು ಬರುತ್ತಾಳೆ, ಅವಳಿಗೆಲ್ಲಿ ಬಿಡುವು ಎಂದು ಕೇಳಬಹುದು. ನಿಜ. ಅದಕ್ಕಾಗಿಯೇ ನಾವು ಹಿರಿಯರನ್ನು ಕರೆಯುತ್ತಿರುವುದು. ತಂದೆಗೂ ಇದರಲ್ಲಿ ಪಾಲಿದೆ. ರೊಟ್ಟಿ ತಟ್ಟುವುದು ಹೆಂಗಸರ ಕೆಲಸ, ಪಾಠ ಹೇಳುವುದೂ ಹೆಂಗಸರ ಕೆಲಸ ಎಂದು ಕಟ್ಟೆಯ ಮೇಲೆ ಕೂರುವ ಗಂಡಸರು ಯಾವ ಕಾಯಕದ ಮಾತನ್ನು ಆಡಬಲ್ಲರು?

ಈಗ, ಮಾಡಬಾರದ ಕೆಲವು ಸಂಗತಿಗಳು. ಬಂದ ನೆಂಟರ ಮುಂದೆ ಮಗುವನ್ನು ನಿಲ್ಲಿಸಿ ಒಪ್ಪಿಸು ಎಂದು ಪೀಡಿಸಬೇಡಿರಿ. ವಿದ್ಯೆಯನ್ನು ಪ್ರದರ್ಶನದ ವಸ್ತು ಮಾಡಿದ ದಿನ ಅದರ ಸವಿ ಹೋಗುತ್ತದೆ. ಪಕ್ಕದ ಮನೆಯ ಮಗುವಿಗೆ ಹೋಲಿಸಬೇಡಿರಿ. ಹೊಡೆಯಬೇಡಿರಿ. ಕ್ಯಾಂಪ್‌ಬೆಲ್ ವಿವರಿಸಿದ ಶಾಲೆಗಳಲ್ಲಿ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಹಿಂದೆ ಬಿದ್ದವರಿಗೆ ತಡವಾದಷ್ಟೂ ಏಟು ಹೆಚ್ಚುತ್ತಿತ್ತು. ಅಂಗೈ ಮೇಲಿನ ಸರಸ್ವತಿ ನಮಗಿರಲಿ, ಏಟು ಆ ಕಾಲಕ್ಕೇ ಇರಲಿ. ಸೇಯರ್ಸ್ ಅವರು ಗಿಳಿಯ ಘಟ್ಟವೆಂದು ಹೇಳಿದ್ದು ಸುಮಾರು ಒಂಬತ್ತು ವರ್ಷದ ಮಕ್ಕಳಿಗೆ ಎಂಬುದನ್ನೂ ಮರೆಯಬಾರದು. ಅವರನ್ನು ಅನುಸರಿಸಿದವರು ಅದನ್ನು ಇನ್ನೂ ಚಿಕ್ಕ ವಯಸ್ಸಿಗೆ ತಂದರು. ಮೂರು ನಾಲ್ಕು ವರ್ಷದ ಕೂಸಿಗೆ ನಾವು ಕೊಡುವ ಪಾಠ ಆಟಕ್ಕಿಂತ ಭಾರವಾಗಬಾರದು. ಮಗು ಎದ್ದು ಓಡಿದರೆ ಆ ದಿನದ ಪಾಠ ಮುಗಿಯಿತು ಎಂದೇ ತಿಳಿಯಿರಿ.

ಇಂಗ್ಲಿಷ್ ಹಿಂದೆ ಬಿದ್ದೀತಲ್ಲ ಎಂಬ ಭಯ ಅನೇಕರಿಗಿದೆ. ನಾವು ಇಂಗ್ಲಿಷಿನ ವಿರೋಧಿಗಳಲ್ಲ. ಅದು ಬೇಕು, ಕಾಲಕ್ಕೆ ತಕ್ಕಂತೆ ಕಲಿಯಲಿ. ಆದರೆ ಒಂದು ಮಾತಿನಲ್ಲಿ ಬೇರೂರದ ಮಗುವಿಗೆ ಎರಡನೆಯ ಮಾತು ಗಟ್ಟಿಯಾಗಿ ನಿಲ್ಲುವುದು ಕಷ್ಟ. ಆಗುವುದಾದರೆ ಐದನೆಯ ತರಗತಿಯವರೆಗಾದರೂ ಮನೆಮಾತಿನಲ್ಲೇ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಕಡ್ಡಾಯ ಶಿಕ್ಷಣದ 2009ರ ಕಾಯಿದೆ ಲೆಕ್ಕಕ್ಕೆ ಹಿಡಿಯುವುದು 6ರಿಂದ 14 ವರ್ಷದವರೆಗಿನ ಮಕ್ಕಳನ್ನು. ಆರಕ್ಕೆ ಮುಂಚೆ ಮಗು ಬರೆಯಲಿಲ್ಲವೆಂದು ಯಾರೂ ನಿಮ್ಮನ್ನು ಕಟಕಟೆಗೆ ನಿಲ್ಲಿಸುವುದಿಲ್ಲ. ಸಾಲ ಮಾಡಿ ಮೂರು ವರ್ಷದ ಕೂಸನ್ನು ಮುಂಜಾನೆಯ ನಿದ್ದೆಗಣ್ಣಿನಲ್ಲಿ ವ್ಯಾನಿಗೆ ತುಂಬುವ ಮುನ್ನ ಒಂದು ಕ್ಷಣ ಯೋಚಿಸಿರಿ.

ಹಾಗೆಂದು ಮಗುವನ್ನು ನಾಲ್ಕು ಗೋಡೆಗಳೊಳಗೆ ಕಟ್ಟಿಹಾಕಿರೆಂದು ನಾವು ಹೇಳುತ್ತಿಲ್ಲ. ಊರಿನಲ್ಲಿ ಅಂಗನವಾಡಿ ಇದೆ. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಆಹಾರದ ಜೊತೆ ಆಟಪಾಠವನ್ನೂ ಕೊಡುತ್ತದೆ. ಅದು ಬಡವರ ಮಕ್ಕಳಿಗೆ ಎಂದು ಮೂಗು ಮುರಿಯುವುದು ಸಲ್ಲದು. ನಿಮ್ಮ ಮಗುವನ್ನೂ ಕಳಿಸಿರಿ, ಬಿಡುವಿದ್ದಾಗ ನೀವೂ ಹೋಗಿ ಒಂದು ಕಥೆ ಹೇಳಿ ಬನ್ನಿರಿ. ಎಲ್ಲ ಮಕ್ಕಳೊಡನೆ ಕುಳಿತು ಉಣ್ಣುವುದೂ ಒಂದು ಪಾಠ. ಮನೆಯಲ್ಲಿ ಆ ಪಾಠ ಸಿಗುವುದಿಲ್ಲ.

ಇದನ್ನು ಹೇಳುವಾಗ ಹಳೆಯ ಪದ್ಧತಿಯ ಅತಿ ದೊಡ್ಡ ಅನ್ಯಾಯವನ್ನು ನೆನೆಯಲೇಬೇಕು. ಸುಮಾರು ಹತ್ತು ಲಕ್ಷ ಜನರಿದ್ದ ಆ ಬಳ್ಳಾರಿ ಜಿಲ್ಲೆಯಲ್ಲಿ 7,000 ಮಕ್ಕಳೂ ಶಾಲೆಯಲ್ಲಿರಲಿಲ್ಲ. ಬಡತನದಿಂದಾಗಿ ಜನರು ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ದುಡಿಮೆಗೆ ಹಚ್ಚುತ್ತಿದ್ದರೆಂದು ಕಲೆಕ್ಟರರೇ ಬರೆದಿದ್ದಾರೆ. ಹೆಣ್ಣುಮಕ್ಕಳು 60 ಎಂಬುದನ್ನು ಆಗಲೇ ಹೇಳಿದೆವು. ಸಾವಿರಾರು ಮಕ್ಕಳಿಗೆ ನುಡಿ ಕೊಟ್ಟ ತಾಯಂದಿರಿಗೆ ಯಾರೂ ಅಕ್ಷರ ಕೊಡಲಿಲ್ಲ. ಆ ಋಣ ಇನ್ನೂ ನಮ್ಮ ತಲೆಯ ಮೇಲಿದೆ. ಆದ್ದರಿಂದ ಇಂದು ಅಂಗಳದ ಪಾಠಶಾಲೆ ನಡೆಸುವವರು ಮೊಮ್ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ಮೊಮ್ಮಗಳನ್ನು ನೀರು ತರಲು ಕಳಿಸಬಾರದು. ಒಗಟು ಅವಳಿಗೂ ಇರಲಿ, ರಾಗಿಯ ತಟ್ಟೆ ಅವಳ ಮುಂದೆಯೂ ಇರಲಿ. ನಿಮ್ಮ ಹೊಲದಲ್ಲಿ ಕೂಲಿ ಮಾಡುವವರ ಮಗು ಬೇಲಿಯ ಆಚೆ ನಿಂತು ಕಥೆ ಕೇಳುತ್ತಿದ್ದರೆ ಅದನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಅನ್ನವನ್ನು ಹಂಚಿದರೆ ಪಾತ್ರೆ ಬರಿದಾಗುತ್ತದೆ, ಕಥೆಯನ್ನು ಹಂಚಿದರೆ ಹೇಳಿದವರ ಬಾಯಲ್ಲಿ ಅದು ಇನ್ನಷ್ಟು ಹದವಾಗುತ್ತದೆ. ಜ್ಞಾನದಾಸೋಹವೆಂದರೆ ಇದೇ ಅಲ್ಲವೇ?

ಕೊನೆಯದಾಗಿ ಹಿರಿಯರಿಗೆ ಒಂದು ಮಾತು. ವಚನಗಳ ಓಲೆಗರಿಗಳು ಶತಮಾನಗಳ ಕಾಲ ಮನೆಮನೆಗಳ ಜಗುಲಿಯ ಮೇಲೆ ಪೂಜೆಗೊಳ್ಳುತ್ತ ಉಳಿದಿದ್ದವು. ಓದುವವರಿರಲಿಲ್ಲ. ಫ. ಗು. ಹಳಕಟ್ಟಿಯವರು ಊರೂರಿಗೆ ಅಲೆದು ಅವನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದರು. ಓಲೆಗರಿ ಧೂಳು ಹಿಡಿದರೂ ಕಾದು ಕುಳಿತಿರುತ್ತದೆ, ಒಬ್ಬ ಹಳಕಟ್ಟಿಯವರು ಬಂದು ಧೂಳು ಕೊಡವಬಹುದು. ಆದರೆ ನಿಮ್ಮ ಬಾಯಲ್ಲಿರುವ ಕಥೆ, ಮಳೆಯ ಲೆಕ್ಕ, ಬೀಸುವ ಕಲ್ಲಿನ ಪದ, ಒಗಟುಗಳು ಯಾವ ಓಲೆಯಲ್ಲೂ ಇಲ್ಲ. ಅವು ಕಾಯುವುದಿಲ್ಲ. ನಿಮ್ಮೊಡನೆಯೇ ಹೋಗುತ್ತವೆ. ಎಂಬತ್ತು ವರ್ಷದ ನೆನಪನ್ನು ಇಳಿಸಿಡಲು ನಾಲ್ಕು ವರ್ಷದ ನೆನಪಿಗಿಂತ ಗಟ್ಟಿಯಾದ ಕಣಜ ಬೇರೊಂದಿಲ್ಲ. ಇಂದು ಸಂಜೆಯೇ ಪ್ರಾರಂಭಿಸಿರಿ. ದೊಡ್ಡ ಪಾಠವೇನೂ ಬೇಡ, ನಿಮ್ಮ ಅಜ್ಜಿ ನಿಮಗೆ ಹೇಳಿದ ಒಂದು ಕಥೆ ಸಾಕು. ಮಗು "ಹಾಗಂದರೆ ಏನು?" ಎಂದು ಕೇಳಿದಾಗ ಸುಮ್ಮನಿರು ಎಂದು ಗದರಿಸದೆ, ತಿಳಿದಷ್ಟನ್ನು ಹೇಳಿರಿ, ತಿಳಿಯದಿದ್ದರೆ ನಾಳೆ ಇಬ್ಬರೂ ಕೂಡಿ ಯಾರನ್ನಾದರೂ ಕೇಳೋಣ ಎನ್ನಿರಿ. ಅಷ್ಟು ಮಾಡಿದರೆ ನಿಮ್ಮ ಅಂಗಳದಲ್ಲಿ ಗಿಳಿಗೂ ಅರ್ಥ ತಿಳಿಯುತ್ತದೆ.

ಎಲ್ಲರ ಮನೆಯ ಅಂಗಳದಲ್ಲೂ ಮಕ್ಕಳ ಧ್ವನಿ ಕೇಳಿಬರಲೆಂದು ಹಾರೈಸುತ್ತೇವೆ.